ಜಿಲ್ಲೆಯ ಗಡಿಯಲ್ಲಿ ನಿಂತ ಅಪ್ಪ

ಕೋಡಿಯಾಕ್, ಅಲಾಸ್ಕಾ
ಫೆಬ್ರವರಿ 18

ಅಪ್ಪಾ,

ಬೆಳಗಿನ ಜಾವ ಮೂರೂ ಹತ್ತು. ನನ್ನನ್ನು ಎಬ್ಬಿಸಿದ್ದು ಬಂದರಿನ ಕಡಲಸಿಂಹ. ಅದು ದೋಣಿಕಟ್ಟೆಯ ಹಲಗೆಯ ಮೇಲೆ ಮಲಗಿಕೊಂಡು ಹಳೆಯ ಕೆಮ್ಮಿನವರ ಹಾಗೆ ಬೊಗಳುತ್ತದೆ. ಟಿಲ್ಡಾಳಿಗೆ ಉಸಿರು ಕಟ್ಟಿತೆಂದು ಹಾರಿಬಿದ್ದು ಎದ್ದವಳು ಕತ್ತಲಲ್ಲಿ ತೊಟ್ಟಿಲಿಗೆ ಮೊಣಕಾಲು ಬಡಿದುಕೊಂಡೆ. ಅವಳು ಹಾಯಾಗಿ ಮಲಗಿದ್ದಳು, ನಾನು ಕೂಗಿದ್ದಕ್ಕೆ ಎದ್ದಳು. ಈಗ ಮೂವರಿಗೂ ಎಚ್ಚರ: ನನಗೆ, ಟಿಲ್ಡಾಳಿಗೆ, ಕಡಲಸಿಂಹಕ್ಕೆ.

ಗಾಬರಿಯಾಗಬೇಡ. ನಾವು ಚೆನ್ನಾಗಿದ್ದೇವೆ. ನಿನ್ನ ಅಳಿಯ ಡಾರೆಲ್ ಮೇ ತಿಂಗಳ ಕೊನೆಯವರೆಗೂ ಕರಾವಳಿ ಕಾವಲು ಹಡಗಿನಲ್ಲೇ ಇರುತ್ತಾನೆ. ಹಡಗು ಯಾವುದಾದರೂ ಬಂದರು ಮುಟ್ಟಿದಾಗ ಫೋನ್ ಮಾಡುತ್ತಾನೆ. ಪಕ್ಕದ ಮನೆಯವರು ಮೀನು ತಂದುಕೊಡುತ್ತಾರೆ. ಟಿಲ್ಡಾಳ ತೂಕ ಏರುತ್ತಿದೆ. ಅವಳ ಹಣೆ ನಿನ್ನದೇ, ಅಷ್ಟು ಪುಟ್ಟ ಮುಖದಲ್ಲಿ ಹೆದ್ದಾರಿ ಪೊಲೀಸ್ ಕ್ಯಾಪ್ಟನ್ ಯಾರನ್ನೋ ರಸ್ತೆ ಬದಿಗೆ ನಿಲ್ಲಿಸಿ ಲೈಸೆನ್ಸ್ ಕೇಳುವಂತೆ ಗಂಟಿಕ್ಕಿಕೊಂಡಿರುತ್ತದೆ.

ಫೋನಿನಲ್ಲಿ ನಾವಿಬ್ಬರೂ ಪೆದ್ದರು. ನೀನು ಆಫೀಸಿನ ಕಂಪ್ಯೂಟರಿನಲ್ಲಿ ಬರೆಯುವ ಒಂದೊಂದು ಸಾಲನ್ನೂ ಯಾವ ಪತ್ರಿಕೆಯವರು ಬೇಕಾದರೂ ಕೇಳಿ ಪಡೆಯಬಹುದು ಎಂಬ ಕಾನೂನಿರುವಾಗ, ಮೊಮ್ಮಗಳ ಹೊಟ್ಟೆಯುಬ್ಬರದ ಸುದ್ದಿಗೆ ಕಾಗದವೇ ವಾಸಿ. ಆದ್ದರಿಂದ ಬರೆಯುತ್ತಾ ಇರುತ್ತೇನೆ, ನೀನೂ ಬರೆ.

ಜೂನ್‌ನಲ್ಲಿ ನಿವೃತ್ತನಾಗಿ ಬರುತ್ತೀಯಲ್ಲ, ಅಷ್ಟು ಹೊತ್ತಿಗೆ ಅವಳು ನಗುವುದನ್ನು ಕಲಿತಿರುತ್ತಾಳೆ. ಅವಸರವೇನೂ ಇಲ್ಲ. ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಂದು ಅಡುಗೆಮನೆಯ ಡಬ್ಬಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿರುತ್ತಿದ್ದಳು ಅಂತ ನಿನ್ನೆ ಅನ್ನಿಸಿತು. ಸುಮ್ಮನೆ ಅನ್ನಿಸಿತು, ಅಷ್ಟೇ.

ನಿನ್ನ
ಬ್ರಿಟ್ಟಾ

•

ಬಿಸ್ಮಾರ್ಕ್, ನಾರ್ತ್ ಡಕೋಟ
ಫೆಬ್ರವರಿ 27

ಮಗಳೇ,

ನಿನ್ನ ಕಾಗದ ತಲುಪಿತು. ಎರಡು ಸಲ ಓದಿದೆ. ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ತಿಳಿದು ಸಮಾಧಾನವಾಯಿತು. ಆದರೂ ಎಚ್ಚರಿಕೆಗಾಗಿ ಒಂದು ಕಾರ್ಯಯೋಜನೆ ಬರೆದಿದ್ದೇನೆ. ಗುರಿ: ಶಿಶು ನಿದ್ರಿಸುವುದು. ಎರಡನೆಯ ಗುರಿ: ತಾಯಿ ನಿದ್ರಿಸುವುದು. ಲಭ್ಯವಿರುವ ಸಿಬ್ಬಂದಿ: ಒಬ್ಬಳು. ಅಪಾಯದ ಮೂಲ: ಕಡಲಸಿಂಹ, ಸ್ಥಳಾಂತರಿಸುವ ಅಧಿಕಾರ ನಮಗಿಲ್ಲ. ಕ್ರಮ: ತೊಟ್ಟಿಲನ್ನು ಹಾಸಿಗೆಯ ಎಡಕ್ಕೆ ಸರಿಸುವುದು, ಮೊಣಕಾಲಿನ ಹಾನಿ ತಪ್ಪುತ್ತದೆ. ಕಂಟ್ರೋಲ್ ರೂಮಿನ ಮಾವಿಸ್ ಇದನ್ನು ಓದಿ, "ಮಗುವಿನ ವಿಷಯದಲ್ಲೂ ಸಿಬ್ಬಂದಿ ಅಂತೀಯಲ್ಲ ಮಾರಾಯ, ನಿನಗೆ ಯಾರಪ್ಪ ಹೆಣ್ಣು ಕೊಟ್ರು?" ಎಂದಳು. ಮಾವನವರು ಕೊಟ್ಟರು, ಅದೂ ಎರಡನೇ ಸಲ ಕೇಳಿದಾಗ, ಎಂದೆ.

ಇಲ್ಲಿ ವಿಶೇಷವೇನಿಲ್ಲ. ವಾಷಿಂಗ್ಟನ್‌ನಿಂದ ಮತ್ತೆ ಕೇಳಿದ್ದಾರೆ, ನಮ್ಮ ರಾಜ್ಯದಲ್ಲಿ ಭಯೋತ್ಪಾದಕರು ಕಣ್ಣು ಹಾಕಬಹುದಾದ ಜಾಗಗಳು ಯಾವುವು ಎಂದು. ನಾನು ಅಣೆಕಟ್ಟು, ಗಡಿಯ ರಸ್ತೆಗಳು, ಹೊಲಕ್ಕೆ ಗೊಬ್ಬರವಾಗಿ ಹಾಕುವ ಅಮೋನಿಯ ಅನಿಲದ ತೊಟ್ಟಿಗಳು, ಇವನ್ನೆಲ್ಲ ಬರೆದೆ. ಉತ್ತರದ ಒಂದು ಜಿಲ್ಲೆಯವರು ತಮ್ಮೂರ ಹೆದ್ದಾರಿಯ ಪಕ್ಕದ ಕಾಂಕ್ರೀಟಿನ ಬಾತುಕೋಳಿಯನ್ನೂ ಸೇರಿಸಬೇಕೆಂದು ಹಟ ಹಿಡಿದಿದ್ದಾರೆ. ಮೂರಾಳೆತ್ತರದ ಬಾತುಕೋಳಿ. ಅದರ ಮೇಲೆ ದಾಳಿ ಮಾಡುವವರು ಯಾರು ಎಂದು ಕೇಳಿದೆ. ಅವರ ಷೆರಿಫ್, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, "ಪಕ್ಕದ ಜಿಲ್ಲೆಯವರು ಸಾರ್, ಅವರಿಗೆ ಇನ್ನೇನು ಕೆಲಸ," ಎಂದ. ನಾನು ನಗದೆ ಬರೆದುಕೊಂಡೆ. ಈ ಉದ್ಯೋಗದಲ್ಲಿ ಕಷ್ಟದ ಭಾಗ ಅದೊಂದೇ.

ಮೊನ್ನೆ ಗವರ್ನರ್ ಕಚೇರಿಗೆ ಕರೆದಿದ್ದರು. ಕಾಫಿ ಚೆನ್ನಾಗಿತ್ತು.

ಅಪ್ಪ

•

ಕೋಡಿಯಾಕ್
ಮಾರ್ಚ್ 12

ಅಪ್ಪಾ,

ನಿನ್ನ ಕಾರ್ಯಯೋಜನೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಎರಡನೆಯ ಗುರಿಯನ್ನು ನೋಡಿದಾಗೆಲ್ಲ ನಗು ಬರುತ್ತದೆ. ನಾನು ಚೆನ್ನಾಗಿಯೇ ಮಲಗುತ್ತಿದ್ದೇನೆ. ನಿನ್ನೆ ಮಾತ್ರ ಹಾಲನ್ನು ಬೀರುವಿನಲ್ಲೂ ಮನೆಯ ಬೀಗದ ಕೈಯನ್ನು ಫ್ರಿಜ್ಜಿನಲ್ಲೂ ಇಟ್ಟುಬಿಟ್ಟಿದ್ದೆ. ತಣ್ಣಗಿನ ಬೀಗದ ಕೈ ಹಿಡಿದಾಗ ಆಹಾ ಅನ್ನಿಸಿತು, ಸ್ವಲ್ಪ ಹೊತ್ತು ಕೆನ್ನೆಗೆ ಒತ್ತಿಕೊಂಡು ನಿಂತಿದ್ದೆ.

ಪುಸ್ತಕಗಳಲ್ಲಿ ಓದಿದ್ದೆಲ್ಲ ಮಧ್ಯರಾತ್ರಿಯೇ ನೆನಪಿಗೆ ಬರುತ್ತದೆ. ನಾಲ್ಕು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ್ದಕ್ಕೆ ಇದು ಶಿಕ್ಷೆ. ಮಗು ಸೀನಿದರೆ ಸಾಮಾನ್ಯ ತಾಯಿಗೆ ಒಂದೇ ಕಾರಣ ಹೊಳೆಯುತ್ತದೆ, ನನಗೆ ಹನ್ನೊಂದು ಹೊಳೆಯುತ್ತವೆ.

ಗವರ್ನರ್ ನಿನ್ನನ್ನು ಕಾಫಿಗೆ ಯಾಕೆ ಕರೆದರು? ನೀನು ಒಂದೇ ಸಾಲು ಬರೆದೆ ಎಂದರೆ ಆ ಸಾಲಿನ ಹಿಂದೆ ಏನೋ ಇದೆ. ಜೂನ್‌ವರೆಗೂ ಕಾಯದೆ ಈಗಲೇ ಮನೆಗೆ ಹೋಗಿ ಎಂದರೇ? ಅನ್ನಲಿ ಬಿಡು. ಬೇಜಾರು ಮಾಡಿಕೊಳ್ಳಬೇಡ. ಹಿಮಬಿರುಗಾಳಿಯಲ್ಲಿ ಸಿಕ್ಕಿಬಿದ್ದವರ ಕಾರುಗಳನ್ನು ಎಷ್ಟು ವರ್ಷ ಎಳೆದೆ, ಲಾರಿಗಳನ್ನು ಎಷ್ಟು ವರ್ಷ ತೂಗಿದೆ. ಇಬ್ಬರು ಗವರ್ನರ್‌ಗಳ ಬೆನ್ನ ಹಿಂದೆ ಕಾವಲು ನಿಂತು ಅವರ ಭಾಷಣ ಕೇಳಿದ್ದೀ, ಆಮೇಲೆ ಈ ಹೊಸ ಭದ್ರತಾ ವಿಭಾಗವನ್ನು ಒಂದು ಮೇಜು, ಒಂದು ಫೋನಿನಿಂದ ಕಟ್ಟಿದ್ದೀ. ಇನ್ನು ಹೊಸ ಹುಡುಗರು ಬಾತುಕೋಳಿಯನ್ನು ಕಾಯಲಿ. ನಿನಗೆ ಸಾಕು, ವಿಶ್ರಾಂತಿ ತೆಗೆದುಕೊ.

ಟಿಲ್ಡಾ ಇನ್ನೂ ನಕ್ಕಿಲ್ಲ. ಕೆಲವು ಮಕ್ಕಳು ನಿಧಾನವಂತೆ.

ಬ್ರಿಟ್ಟಾ

•

ಬಿಸ್ಮಾರ್ಕ್
ಮಾರ್ಚ್ 24

ಮಗಳೇ,

ನೀನು ಬರೆದದ್ದು ಸರಿ. ಸಾಕು ಎಂದು ನನಗೂ ಅನ್ನಿಸುತ್ತದೆ. ಬೆಳಿಗ್ಗೆ ಕನ್ನಡಿಯಲ್ಲಿ ಟೈ ಕಟ್ಟಿಕೊಳ್ಳುವಾಗ ಹಾಗೆ ಅನ್ನಿಸುತ್ತದೆ. ಆಫೀಸಿಗೆ ಹೋಗಿ ರೇಡಿಯೋ ಶಬ್ದ ಕೇಳಿದ ಮೇಲೆ ಮರೆತುಹೋಗುತ್ತದೆ.

ಟಿಲ್ಡಾ ನಗುವ ವಿಷಯಕ್ಕೆ ಚಿಂತಿಸಬೇಡ. ನೀನೂ ತಡವಾಗಿಯೇ ನಕ್ಕವಳು. ನಕ್ಕಿದ್ದಾದರೂ ನನ್ನ ಟೋಪಿ ಗಾಳಿಗೆ ಹಾರಿ ಕೆಸರಿಗೆ ಬಿದ್ದಾಗ.

ನಿನ್ನ ಅಮ್ಮ ಹೇಳಿರಬಹುದು, ನನ್ನ ಮೊದಲ ಚಳಿಗಾಲದ ಕಥೆ. ನನಗೆ ಇಪ್ಪತ್ತಮೂರು. ಮಿನೋಟ್ ರಸ್ತೆಯಲ್ಲಿ ಹಿಮಗಾಳಿ, ಕೈ ಚಾಚಿದರೆ ಕೈ ಕಾಣದು. ಒಂದು ಕಾರು ಹಳ್ಳಕ್ಕೆ ಇಳಿದಿತ್ತು, ಒಳಗೆ ದಿನ ತುಂಬಿದ ಹೆಂಗಸು, ಅವಳ ಗಂಡ ಅವಳಿಗಿಂತ ಜೋರಾಗಿ ಅಳುತ್ತಿದ್ದ. ಆ ಮಗು ನನ್ನ ಗಸ್ತು ಕಾರಿನ ಹಿಂದಿನ ಸೀಟಿನಲ್ಲಿ ಹುಟ್ಟಿತು. ಮಾವಿಸ್ ಆಗಿನ್ನೂ ಹೊಸಬಳು, ಆಸ್ಪತ್ರೆಯ ನರ್ಸ್ ಹೇಳಿದ್ದನ್ನು ರೇಡಿಯೋದಲ್ಲಿ ನನಗೆ ಒಂದೊಂದಾಗಿ ಹೇಳುತ್ತ ಹೋದಳು. ಆ ಹುಡುಗನಿಗೆ ಆರ್ವಿಡ್ ಎಂದು ನನ್ನ ಹೆಸರನ್ನೇ ಇಟ್ಟರು. ಹದಿನೆಂಟು ವರ್ಷದ ಮೇಲೆ ಅದೇ ರಸ್ತೆಯಲ್ಲಿ ಅತಿವೇಗಕ್ಕೆ ಒಬ್ಬನನ್ನು ನಿಲ್ಲಿಸಿ ಲೈಸೆನ್ಸ್ ನೋಡಿದರೆ ಅವನೇ. ಮಾತಾಡಿಸಿದೆ, ತಾಯಿಯ ಆರೋಗ್ಯ ಕೇಳಿದೆ, ದಂಡದ ಚೀಟಿಯನ್ನೂ ಹರಿದುಕೊಟ್ಟೆ. ಅವನು, "ಹುಟ್ಟಿಸಿದೋನೇ ಹಿಡೀತಾನಲ್ಲಪ್ಪ," ಎಂದು ನಗುತ್ತಲೇ ಹೋದ. ಈಗಲೂ ಕ್ರಿಸ್‌ಮಸ್‌ಗೆ ಕಾರ್ಡು ಕಳಿಸುತ್ತಾನೆ.

ವಿಲೋ ನದಿಯ ಮಂಜು ಕರಗುತ್ತಿದೆ. ಈ ಸಲ ನೀರು ಹೆಚ್ಚು ಬರುವಂತಿದೆ. ಮುಂದಿನ ಕಾಗದ ತಡವಾದರೆ ಅದಕ್ಕೇ ಎಂದು ತಿಳಿ.

ಅಪ್ಪ

•

ಕೋಡಿಯಾಕ್
ಏಪ್ರಿಲ್ 3

ಅಪ್ಪಾ,

ಟಿಲ್ಡಾಳಿಗೆ ನೆಗಡಿ. ಡಾಕ್ಟರು ಏನೂ ಇಲ್ಲ ಎಂದರು. ಏನೂ ಇಲ್ಲ ಎನ್ನುವುದನ್ನು ಅವರು ಬಾಗಿಲ ಕಡೆ ನಡೆಯುತ್ತಲೇ ಹೇಳಿದರು. ರಾತ್ರಿಯೆಲ್ಲ ಅವಳ ಮೂಗಿನ ಸದ್ದಿಗೆ ಕಿವಿಗೊಟ್ಟು ಕೂತಿರುತ್ತೇನೆ. ಸದ್ದು ಬಂದರೆ ಭಯ, ಸದ್ದು ನಿಂತರೆ ಇನ್ನೂ ಭಯ.

ಹಿಮಗಾಳಿಯಲ್ಲಿ ಯಾರದೋ ಮಗುವಿಗೆ ನೀನು ಸಿಕ್ಕಿದೆ. ಒಳ್ಳೆಯ ಕಥೆ. ಆರ್ವಿಡ್‌ನ ಕ್ರಿಸ್‌ಮಸ್ ಕಾರ್ಡು ಒಳ್ಳೆಯದು.

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಬರೆಯುತ್ತಾ ಬಂದಿದ್ದೇನೆ. ಚೆನ್ನಾಗಿದೆ ಎಂದು ಬರೆದರೆ ಚೆನ್ನಾಗಿದೆ ಎಂದೇ ನಂಬಿ ಮಡಿಚಿಡುವವರಿಗೆ ಇನ್ನೇನು ಬರೆಯುವುದೋ ನನಗೆ ತಿಳಿಯದು.

ನದಿಯ ಹತ್ತಿರ ಹುಷಾರು.

ಬ್ರಿಟ್ಟಾ

•

ವಿಲೋ ಜಿಲ್ಲೆ, ನಾರ್ತ್ ಡಕೋಟ
ಏಪ್ರಿಲ್ 13

ಮಗಳೇ,

ಶಾಲೆಯ ವ್ಯಾಯಾಮದ ಹಜಾರದಲ್ಲಿ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ನೀರು ನಿನ್ನೆ ಇಳಿಯಲು ಶುರುವಾಯಿತು. ಯಾರಿಗೂ ಪೆಟ್ಟಿಲ್ಲ. ಒಂದು ದನದ ಕೊಟ್ಟಿಗೆ ತೇಲಿಹೋಗಿ ಇಗರ್ಜಿಯ ಅಂಗಳದಲ್ಲಿ ನಿಂತಿತು, ದನಗಳೂ ಅದರೊಳಗೇ ಇದ್ದವು, ಕ್ಷೇಮ. ಭಾನುವಾರದ ಪ್ರಾರ್ಥನೆಗೆ ಇಷ್ಟು ಜನ ಎಂದೂ ಬಂದಿರಲಿಲ್ಲ ಎಂದು ಪಾದ್ರಿಗೆ ಖುಷಿ.

ಇಲ್ಲಿಯ ಜಿಲ್ಲಾ ಸಮಿತಿಯ ಅಧ್ಯಕ್ಷ ಎಮಿಲ್ ಹೌಕ್ ಎಂಬ ಮುದುಕ. ನಮ್ಮಲ್ಲಿ ನಿಯಮ ಏನೆಂದರೆ, ಜಿಲ್ಲೆಯವರು ಬಾಯಿಬಿಟ್ಟು ಕೇಳುವ ತನಕ ರಾಜ್ಯದ ಲಾರಿ ಅವರ ಗಡಿ ದಾಟುವಂತಿಲ್ಲ. ಅವರ ಮನೆಗೆ ಅವರೇ ಯಜಮಾನರು. ನಾನು ಹೊಸಬರಿಗೆಲ್ಲ ಮೊದಲು ಕಲಿಸುವುದು ಇದನ್ನೇ. ಸಹಾಯ ಮಾಡುತ್ತೇನೆಂದು ಕರೆಯದೆ ನುಗ್ಗಿದರೆ ಅವರ ಮರ್ಯಾದೆ ಮುಳುಗುತ್ತದೆ, ಅದನ್ನು ಆಮೇಲೆ ಯಾವ ದೋಣಿಯಲ್ಲೂ ತರಲಾಗುವುದಿಲ್ಲ. ಸರಿ, ನೀರು ಏರುತ್ತಿತ್ತು. ಎಮಿಲ್ ಕೇಳಲೊಲ್ಲ. ನಾನು ಮರಳು ಮೂಟೆಯ ಲಾರಿಗಳನ್ನೆಲ್ಲ ತಂದು ಜಿಲ್ಲೆಯ ಗಡಿಯ ಫಲಕದ ಈಚೆ, ಎಂಜಿನ್ ಆರಿಸದೆ ನಿಲ್ಲಿಸಿ ನನ್ನ ಕಾರಿನಲ್ಲಿ ಕೂತೆ.

ಮಧ್ಯಾಹ್ನ ಅವನು ಟ್ರ್ಯಾಕ್ಟರಿನಲ್ಲಿ ಬಂದು ನೋಡಿದ. "ನಮ್ಮ ನೀರು ನಮಗೆ ಗೊತ್ತು ಕಣಯ್ಯಾ. ನೀನು ಹೋಗಿ ಕಾಫಿ ಕುಡಿ."

"ಕಾಫಿ ಇಲ್ಲೇ ತಂದಿದೀನಿ. ಕುಡೀತಾ ಕೂತಿರ್ತೀನಿ."

"ಎಷ್ಟೊತ್ತು ಕೂತಿರ್ತೀಯ?"

"ಫ್ಲಾಸ್ಕು ದೊಡ್ಡದು."

ಹೋದ. ಸಂಜೆ ಮತ್ತೆ ಬಂದ, ಸೊಂಟದವರೆಗೆ ಒದ್ದೆ. ಕಿಟಕಿಯ ಹತ್ತಿರ ಬಗ್ಗಿ, ನನ್ನ ಮುಖ ನೋಡದೆ ನನ್ನ ಫ್ಲಾಸ್ಕಿನ ಕಡೆ ನೋಡುತ್ತಾ, "ಒಂದು ಸಹಾಯ ಬೇಕಿತ್ತಲ್ಲ," ಎಂದ. ಅವನ ಮಾತು ಮುಗಿಯುವ ಮೊದಲೇ ಲಾರಿಗಳು ಗಡಿ ದಾಟಿದ್ದವು. ರಾತ್ರಿಯೆಲ್ಲ ಮೂಟೆ ಹೊತ್ತೆವು. ಹೈಸ್ಕೂಲಿನ ಹುಡುಗಿಯರು ಹಾಡು ಹೇಳುತ್ತಾ ಸಾಲಿನಲ್ಲಿ ನಿಂತು ಕೈಯಿಂದ ಕೈಗೆ ಮೂಟೆ ದಾಟಿಸಿದರು. ಎಮಿಲ್‌ನ ಹೆಂಡತಿ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ದೊಡ್ಡ ದೊಡ್ಡ ತಟ್ಟೆ ಕಳಿಸಿದಳು. ನನ್ನ ವಯಸ್ಸಿನಲ್ಲಿ ಇಷ್ಟು ಖುಷಿ ಪಡಬಾರದು ಎನ್ನುವಷ್ಟು ಖುಷಿಪಟ್ಟೆ.

ನಿನ್ನ ಮೂರನೇ ತಾರೀಖಿನ ಕಾಗದವನ್ನು ಮಾವಿಸ್ ಇಲ್ಲಿಗೇ ಕಳಿಸಿದಳು. ಎರಡಕ್ಕಿಂತ ಹೆಚ್ಚು ಸಲ ಓದಿದೆ. ಆದ್ದರಿಂದ ಎಮಿಲ್‌ನ ಸುದ್ದಿ ಬರೆದೆ.

ಅಪ್ಪ

•

ಕೋಡಿಯಾಕ್
ಏಪ್ರಿಲ್ 23, ಸೋಮವಾರ
ನಡುರಾತ್ರಿ ದಾಟಿ ಅರ್ಧ ಗಂಟೆ
(ಮಾವಿಸ್ ಆಂಟಿ, ಇದನ್ನು ಅವನ ಕೈಗೇ ಕೊಡು.)

ಅಪ್ಪಾ,

ಇದು ಅಂಚೆಯ ಕಾಗದವಲ್ಲ. ಡಾರೆಲ್ ಹಳೆಯ ಸಾಮಾನಿನ ಅಂಗಡಿಯಿಂದ ತಂದ ಫ್ಯಾಕ್ಸ್ ಯಂತ್ರ ಮೊದಲ ಸಲ ಉಪಯೋಗಕ್ಕೆ ಬಂದಿದೆ. ಇದನ್ನು ಓದುವಾಗ ನೀನು ಕಂಟ್ರೋಲ್ ರೂಮಿನಲ್ಲಿ ಗಡ್ಡ ಹೆರೆದುಕೊಂಡು, ಟೈ ಇನ್ನೂ ಕಟ್ಟಿಕೊಳ್ಳದೆ, ಕಾಫಿಗೆ ಕೈ ಚಾಚುತ್ತಿರುತ್ತೀಯಂತೆ. ಕಾಫಿ ಪಕ್ಕಕ್ಕಿಡು.

ಮಾವಿಸ್ ಆಂಟಿ ರಾತ್ರಿ ಪಾಳಿಯಲ್ಲಿ ಕೂತು ನನಗೆ ಫೋನ್ ಮಾಡಿದ್ದಳು. ಅವಳನ್ನು ಬಯ್ಯಬೇಡ. ಬಯ್ದರೂ ಅವಳು ಕೇಳುವವಳಲ್ಲ. ಗವರ್ನರ್ ಕಾಫಿಗೆ ಕರೆದದ್ದು ನಿನ್ನನ್ನು ಮನೆಗೆ ಕಳಿಸಲಿಕ್ಕಲ್ಲ, ಇಡೀ ರಾಜ್ಯದ ಭದ್ರತೆ, ವಿಪತ್ತು ಎರಡನ್ನೂ ನಿನ್ನ ಕೈಗೆ ಕೊಡಲಿಕ್ಕೆ, ಜುಲೈಯಿಂದ, ಎಂದಳು. ನೀನು ಎರಡು ತಿಂಗಳಿಂದ ಉತ್ತರ ಕೊಡದೆ ಎಳೆದಾಡಿ, ಇವತ್ತು ಬೆಳಿಗ್ಗೆ ಎಂಟಕ್ಕೆ ಹೋಗಿ ಆಗುವುದಿಲ್ಲ ಎನ್ನಲಿದ್ದೀಯಂತೆ. "ಬೇಡ ಅನ್ನೋ ಮುಖ ಅಲ್ಲ ಕಣೇ ಅದು," ಎಂದಳು. "ಪ್ರವಾಹದಿಂದ ಬಂದ ದಿನ ಹತ್ತು ವರ್ಷ ಚಿಕ್ಕೋನಾಗಿ ಕಾಣ್ತಿದ್ದ. ಯಾಕೋ ಬೇಡ ಅಂತೀಯ ಅಂದ್ರೆ, ಮಗಳು ಸಾಕು ಅಂತ ಬರ್ದಿದಾಳೆ ಅಂತಾನೆ. ಹಾಗಂತ ಬರ್ದಿದೀಯೇನೇ ನೀನು?"

ಬರೆದಿದ್ದೇನೆ ಅಪ್ಪಾ. ನಿನ್ನನ್ನು ತಳ್ಳುತ್ತಿದ್ದಾರೆ ಎಂದು ತಿಳಿದು, ಸಮಾಧಾನಕ್ಕೆ ಬರೆದದ್ದು ಅದು. ನಾನು ನಿನಗೆ ಒರಗಿಕೊಳ್ಳಲು ದಿಂಬು ಕೊಟ್ಟೆ, ನೀನು ಅದನ್ನು ಆಜ್ಞೆ ಅಂದುಕೊಂಡೆ.

ನಿನ್ನನ್ನು ಎಬ್ಬಿಸಲು ಹೇಳಿದೆ, ಈಗಲೇ ಮಾತಾಡುತ್ತೇನೆ ಎಂದೆ. ಮಾವಿಸ್ ಒಪ್ಪಲಿಲ್ಲ. "ಎಬ್ಬಿಸಿದ್ರೆ ಕ್ಯಾಪ್ಟನ್ ಆಗಿಯೇ ಏಳ್ತಾನೆ. ಯಾರಿಗಾದ್ರೂ ಪೆಟ್ಟಾಯ್ತಾ ಅಂತಾನೆ. ನೀನು ಇಲ್ಲ ಅಂತೀಯ. ಸರಿ ಅಂತ ಇಟ್ಬಿಡ್ತಾನೆ. ಬರಿ ನೀನು. ಓದೋದಾದ್ರೆ ಎರಡು ಸಲ ಓದ್ತಾನೆ." ಅದಕ್ಕೇ ಬರೆಯುತ್ತಿದ್ದೇನೆ. ಎರಡು ಸಲ ಓದು.

ಎಮಿಲ್ ಹೌಕ್‌ನ ಸುದ್ದಿಯಿದ್ದ ನಿನ್ನ ಕಾಗದ ಶುಕ್ರವಾರ ಬಂತು. ಮೊದಲ ಸಲ ಓದಿ ಸಿಟ್ಟಿನಿಂದ ಮೇಜಿನ ಮೇಲೆ ಒಗೆದೆ. ಮಗಳು ರಾತ್ರಿಯೆಲ್ಲ ಎದ್ದು ಕೂತಿರುತ್ತೇನೆ ಎಂದರೆ ಮುದುಕನ ಟ್ರ್ಯಾಕ್ಟರಿನ ಕಥೆ ಬರೆಯುತ್ತಾನೆ ಎಂದು. ಶನಿವಾರ ಟಿಲ್ಡಾಳನ್ನು ಎದೆಯ ಮೇಲೆ ಹಾಕಿಕೊಂಡು ಇನ್ನೊಮ್ಮೆ ಓದಿದೆ, ಅವಳಿಗೆ ಕೇಳುವ ಹಾಗೆ ಜೋರಾಗಿ. ಫ್ಲಾಸ್ಕು ದೊಡ್ಡದು ಎನ್ನುವಲ್ಲಿಗೆ ಬಂದಾಗ ನನಗೆ ನಗು ಬಂತು, ನಗುತ್ತಾ ನಗುತ್ತಾ ಅಳುವೂ ಬಂತು, ಮೂಗು ಸೊರ್ರೆಂದು ಎಳೆದುಕೊಂಡೆ. ಆ ಸದ್ದಿಗೆ ಟಿಲ್ಡಾ ತಲೆಯೆತ್ತಿ ನನ್ನ ಮುಖ ನೋಡಿ ನಕ್ಕಳು. ತುಟಿಯಂಚಿನ ನಗುವಲ್ಲ, ಹೊಟ್ಟೆಯೆಲ್ಲ ಕುಣಿಯುವಂಥ ದನಿಯಿದ್ದ ನಗು. ನಾನು ಮತ್ತೆ ಮೂಗು ಸೊರ್ರೆಂದು ಎಳೆದೆ, ಮತ್ತೆ ನಕ್ಕಳು. ಇಬ್ಬರೂ ಬಿಕ್ಕಳಿಕೆ ಬರುವವರೆಗೂ ಹಾಗೇ ಮಾಡಿದೆವು. ನೀನು ಅದನ್ನು ಕೇಳಬೇಕಿತ್ತು.

ಆಗಲೇ ನನಗೆ ಗೊತ್ತಾದದ್ದು. ನೀನು ಫೆಬ್ರವರಿಯಿಂದಲೂ ನನ್ನ ಗಡಿಯ ಫಲಕದ ಆಚೆ ಎಂಜಿನ್ ಆರಿಸದೆ ಕೂತಿದ್ದೀ. ಮಗಳ ಮನೆಗೆ ಮಗಳೇ ಯಜಮಾನಿ ಎಂದು. ನಾನೋ, ಸ್ವಂತ ಅಪ್ಪನನ್ನೂ ಕರೆಯಬೇಕೇ, ತಾನಾಗಿ ಬರಬಾರದೇ ಎಂದು ಸೊಂಟದವರೆಗೆ ನೀರಲ್ಲಿ ನಿಂತುಕೊಂಡು ಚೆನ್ನಾಗಿದ್ದೇವೆ, ಚೆನ್ನಾಗಿದ್ದೇವೆ ಎಂದು ಬರೆಯುತ್ತಿದ್ದೆ. ಎಮಿಲ್ ನನಗಿಂತ ಜಾಣ, ಅವನು ಒಂದೇ ದಿನದಲ್ಲಿ ಕೇಳಿದ.

ಆದ್ದರಿಂದ ಕೇಳುತ್ತಿದ್ದೇನೆ. ನಿಯಮದ ಪ್ರಕಾರ ಹೇಗೆ ಕೇಳಬೇಕೋ ಗೊತ್ತಿಲ್ಲ, ತಪ್ಪಿದ್ದರೆ ತಿದ್ದಿಕೊ. ಟಿಲ್ಡಾಳ ತಾಯಿಯಾದ ನಾನು, ನನ್ನಲ್ಲಿರುವ ಸಿಬ್ಬಂದಿಯೆಲ್ಲ, ಅಂದರೆ ನಾನೊಬ್ಬಳೇ, ಪೂರ್ತಿ ದಣಿದಿರುವುದರಿಂದ, ನಿನ್ನ ಸಹಾಯ ಕೇಳುತ್ತಿದ್ದೇನೆ. ಅವಳಿಗೆ ಏನೂ ಆಗಿಲ್ಲ. ನೆಗಡಿಯೂ ಹೋಗಿದೆ, ಕೆನ್ನೆ ಸೇಬಿನ ಹಾಗಿದೆ. ಆಗಿರುವುದು ನನಗೆ. ನಾನು ಮಲಗುತ್ತಿಲ್ಲ ಅಪ್ಪಾ, ಅವಳು ಮಲಗಿದಾಗಲೂ ಮಲಗುತ್ತಿಲ್ಲ. ಯಾರಾದರೂ ಒಬ್ಬರು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿ ಕೂತಿದ್ದಾರೆ ಎಂದು ಗೊತ್ತಾದರೆ ಮಲಗುತ್ತೇನೆ. ಇಡೀ ರಾಜ್ಯದ ಜನ ಇಷ್ಟು ವರ್ಷ ಹಾಗೆಯೇ ತಾನೆ ಮಲಗಿದ್ದು, ಎಲ್ಲೋ ಒಂದು ಕಡೆ ನೀನು ಕೂತಿದ್ದೀಯೆಂದು? ನನಗೂ ಅಷ್ಟೇ ಬೇಕಾಗಿರುವುದು. ಜೂನ್‌ವರೆಗೆ ಕಾಯಬೇಡ. ಈ ವಾರವೇ ಬಾ. ಡಾರೆಲ್ ಬರುವವರೆಗೆ ಇರು.

ಆದರೆ ಗವರ್ನರ್‌ಗೆ ಬೇಡ ಎನ್ನಬೇಡ. ದಯವಿಟ್ಟು ಎನ್ನಬೇಡ. ಆಗಲಿ ಎನ್ನು, ಜುಲೈ ಒಂದಕ್ಕೆ ಕುರ್ಚಿಯಲ್ಲಿ ಇರುತ್ತೇನೆ, ಅಲ್ಲಿಯವರೆಗೆ ಮೊಮ್ಮಗಳ ಮನೆಯಲ್ಲಿ ಪಾಳಿ ಇದೆ ಎನ್ನು. ಒಪ್ಪದೆ ಏನು ಮಾಡುತ್ತಾರೆ? ಸಂಬಳಕ್ಕಾಗಲಿ ಹೆಸರಿಗಾಗಲಿ ನೀನು ಆ ಕೆಲಸ ಮಾಡುವವನಲ್ಲ ಎಂದು ನನಗೆ ಗೊತ್ತು. ಇಡೀ ರಾತ್ರಿ ಮೂಟೆ ಹೊತ್ತು, ಮುದುಕನ ಮನೆಯ ಆಲೂಗಡ್ಡೆ ತಿಂದು, ಅದನ್ನು ಮಗಳಿಗೆ ಬರೆಯುವಾಗ ನಿನ್ನ ಅಕ್ಷರ ಓಡಿದ ರೀತಿ ನೋಡಿದ್ದೇನೆ. ಅಂಥವನು ನನ್ನ ಮನೆಯ ಕಿಟಕಿಯಲ್ಲಿ ಕೂತು ದೋಣಿ ಎಣಿಸುತ್ತಾ ಮುದುಕನಾಗುವುದು ನನಗೆ ಬೇಡ. ನೀನು ಕೆಲಸದಲ್ಲಿರುವಾಗಲೇ ನನ್ನ ಅಪ್ಪ. ಚಿಕ್ಕವಳಾಗಿದ್ದಾಗ ನೀನು ಮನೆಯಲ್ಲಿ ಇಲ್ಲದ ರಾತ್ರಿ ನಾನು ಅತ್ತಿದ್ದು ಕಡಿಮೆ, ಮಾರನೇ ದಿನ ಶಾಲೆಯಲ್ಲಿ ಜಂಬ ಕೊಚ್ಚಿದ್ದೇ ಹೆಚ್ಚು. ಟಿಲ್ಡಾಳಿಗೂ ಆ ಜಂಬ ಬೇಕು.

ಈಗ ಅಲ್ಲಿ ಮೂರೂವರೆ. ಐದಕ್ಕೆ ಏಳುತ್ತೀ. ಎಂಟಕ್ಕೆ ಗವರ್ನರ್ ಕಚೇರಿ. ನೀನು ಆ ಕೋಣೆಗೆ ಕಾಲಿಡುವ ಹೊತ್ತಿಗೆ ನಮ್ಮಲ್ಲಿ ಇನ್ನೂ ಕತ್ತಲೆ. ಕಾಗದ ಬರೆದು ಉತ್ತರಕ್ಕೆ ಹತ್ತು ದಿನ ಕಾಯುವುದು ಈ ಸಲ ನನ್ನಿಂದಾಗದು. ಇದನ್ನು ಎರಡು ಸಲ ಓದಿ ಮಡಿಚಿ ಜೇಬಿನಲ್ಲಿಟ್ಟುಕೊಂಡು ಗಡಿಯಾರ ನೋಡಬೇಡ. ಮಗು ಮಲಗಿರಬಹುದು ಎಂದು ಯೋಚಿಸಬೇಡ. ಮಲಗಿದ್ದರೆ ಏಳಲಿ, ಎದ್ದರೆ ನಗುತ್ತಾಳೆ, ಅದನ್ನು ನಿನಗೆ ಕೇಳಿಸುತ್ತೇನೆ. ಏನು ಮಾತಾಡಬೇಕೆಂದು ಗೊತ್ತಾಗದಿದ್ದರೆ ಮಾತಾಡಬೇಡ, ಸುಮ್ಮನೆ ಹಿಡಿದುಕೊಂಡಿರು. ಹೂಂ ಎಂದರೆ ಸಾಕು, ಬರುತ್ತೀ ಎಂದೂ, ಒಪ್ಪಿಕೊಳ್ಳುತ್ತೀ ಎಂದೂ ತಿಳಿದುಕೊಳ್ಳುತ್ತೇನೆ. ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಅಪ್ಪಾ, ಬೆಳಗಾಗುವುದರೊಳಗೆ ಫೋನ್ ಮಾಡು. ಆ ಬಾಗಿಲು ತಟ್ಟುವ ಮೊದಲು, ಕಾರು ಹತ್ತುವ ಮೊದಲು, ಟೈ ಕಟ್ಟಿಕೊಳ್ಳುವ ಮೊದಲು ಫೋನ್ ಮಾಡು.

ಬ್ರಿಟ್ಟಾ